ತಟ್ಟೆಗಿಂತ ಮೊದಲು ಮನಸ್ಸು

ಹೊಟ್ಟೆನೋವು ಅಂತ ಸ್ಕ್ಯಾನ್ ಮಾಡಿಸಿದ್ದರು. ನೋವು ಎರಡೇ ದಿನಕ್ಕೆ ಹೋಯಿತು. ವರದಿಯ ಕೊನೆಯ ಸಾಲು ಮಾತ್ರ ಮನೆಯಲ್ಲೇ ಉಳಿಯಿತು: ‘ಗ್ರೇಡ್ 1 ಫ್ಯಾಟಿ ಲಿವರ್.’ ಹುಡುಗನಿಗೆ ಹದಿಮೂರು ವರ್ಷ. ಅವತ್ತು ರಾತ್ರಿಯೇ ಬಿಸ್ಕತ್ತಿನ ಡಬ್ಬ ಅಟ್ಟ ಸೇರಿತು, ಫ್ರಿಜ್ಜಿನಲ್ಲಿದ್ದ ಜ್ಯೂಸ್ ಸಿಂಕಿಗೆ ಹೋಯಿತು, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟರು. ಹತ್ತು ದಿನ ಕಳೆದ ಮೇಲೆ ಅಪ್ಪ ಅಮ್ಮ ಇಬ್ಬರೂ ನನ್ನೆದುರು ಬಂದು ಕೂತರು. “ಒಂದು ಮಾತೂ ಕೇಳಲ್ಲ ಡಾಕ್ಟ್ರೇ. ಟ್ಯೂಷನ್ನಿಂದ ಬರುವಾಗ ಬೇಕರಿಗೆ ಹೋಗಿ ಪಫ್ಸ್ ತಿಂದು, ಕೂಲ್‌ಡ್ರಿಂಕ್ ಕುಡಿದು ಬರ್ತಾನೆ. ಕೇಳಿದ್ರೆ ಇಲ್ಲ ಅಂತ ಸುಳ್ಳು ಹೇಳ್ತಾನೆ.” ಹುಡುಗ ನೆಲ ನೋಡುತ್ತಿದ್ದ.

ಇಂಥ ಮನೆಗಳಲ್ಲಿ ಪ್ರೀತಿಗೆ ಕೊರತೆಯಿರುವುದಿಲ್ಲ, ತಿಳಿವಳಿಕೆಗೂ ಇರುವುದಿಲ್ಲ. ಸಕ್ಕರೆ ಕಡಿಮೆ ಮಾಡಬೇಕು, ಆಟ ಆಡಬೇಕು ಎಂಬುದು ಆ ಹುಡುಗನಿಗೂ ಚೆನ್ನಾಗಿ ಗೊತ್ತು. ಅಪ್ಪ ಅಮ್ಮ ಒಂದೇ ರಾತ್ರಿಯಲ್ಲಿ ಬದಲಾವಣೆಯ ನಡುಮಧ್ಯಕ್ಕೆ ಬಂದು ನಿಂತರು. ಮಗ ಇನ್ನೂ ಹೊಸಿಲಲ್ಲೇ ಇದ್ದ. ಬದಲಾಗುವುದಕ್ಕೆ ಮನಸ್ಸು ಸಿದ್ಧವಾಗಬೇಕು, ಆ ಸಿದ್ಧತೆಗೂ ಒಂದು ಕ್ರಮವಿದೆ, ಅದನ್ನು ಬೆಳೆಸುವುದರಲ್ಲಿ ಪೋಷಕರ ಪಾಲು ದೊಡ್ಡದು ಎಂಬುದನ್ನು ವರದಿಯ ಕಾಗದ ಹೇಳುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಅದನ್ನೇ.

ಮೊದಲು ಕಾಯಿಲೆಯ ಬಗ್ಗೆ ಅಗತ್ಯವಿರುವಷ್ಟು. ಯಕೃತ್ತಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದು ಫ್ಯಾಟಿ ಲಿವರ್. ‘ನಮ್ಮ ಮನೇಲಿ ಯಾರೂ ಕುಡಿಯಲ್ಲವಲ್ಲ’ ಎಂದು ಅಮ್ಮಂದಿರು ಗಾಬರಿಯಾಗುತ್ತಾರೆ. ಇದು ಹೆಂಡದಿಂದ ಬಂದದ್ದಲ್ಲ. ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ, ಮೈದಾ, ಕರಿದದ್ದು ಒಳಗೆ ಹೋಗಿ ಓಡಾಟ ಕಡಿಮೆಯಾದಾಗ ಲಿವರ್ ಆ ಹೆಚ್ಚುವರಿಯನ್ನು ಕೊಬ್ಬಾಗಿ ತನ್ನಲ್ಲೇ ಕೂಡಿಡುತ್ತದೆ. ಸಕ್ಕರೆಯಲ್ಲಿ ಅರ್ಧಪಾಲು ಇರುವ ಫ್ರಕ್ಟೋಸ್ ಬಹುಮಟ್ಟಿಗೆ ಲಿವರ್‌ನಲ್ಲೇ ಕರಗಬೇಕಾದ್ದು, ಅಲ್ಲಿ ಅದು ಸುಲಭವಾಗಿ ಕೊಬ್ಬಾಗುತ್ತದೆ. ವಂಶದ ಪಾತ್ರವೂ ಇದೆ. ನಮ್ಮ ದೇಶದವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯ ಸುತ್ತ ಮಾತ್ರ ಕೊಬ್ಬು ಸೇರುವುದು ಹೆಚ್ಚಾದ್ದರಿಂದ, ನೋಡುವುದಕ್ಕೆ ಅಂಥ ದಪ್ಪವಿಲ್ಲದ ಮಕ್ಕಳಲ್ಲೂ ಇದು ಸಿಗುತ್ತದೆ. ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟಿದರೆ ಎಚ್ಚರ ಬೇಕು.

ಇನ್ನೊಂದು ಗುರುತು ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಮೂಡುವ ದಪ್ಪನೆಯ ಕಪ್ಪು ಪಟ್ಟಿ. ದೇಹ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ ಎಂಬುದರ ಸೂಚನೆ ಅದು. ಹದಿನೈದರ ಹುಡುಗಿಯೊಬ್ಬಳ ಕುತ್ತಿಗೆ ಉಜ್ಜಿ ಉಜ್ಜಿ ತರಚಿಹೋಗಿದ್ದನ್ನು ನೋಡಿದ್ದೇನೆ. ಕಡಲೆಹಿಟ್ಟು, ನಿಂಬೆಹೋಳು, ಕೊನೆಗೆ ಪಾತ್ರೆ ತಿಕ್ಕುವ ನಾರು. ಅದು ಕೊಳೆಯಲ್ಲ ಎಂದು ಯಾರೂ ಆ ಮಗುವಿಗೆ ಹೇಳಿರಲಿಲ್ಲ. ದಯವಿಟ್ಟು ಉಜ್ಜಬೇಡಿ.

ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಅಂಕೆ ಇರುತ್ತದಲ್ಲ, ಅದರ ಬಗ್ಗೆಯೂ ಒಂದು ಮಾತು. ಲ್ಯಾಬಿನ ಚೀಟಿಯಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವ ಮಿತಿ ಸಾಮಾನ್ಯವಾಗಿ ದೊಡ್ಡವರಿಗೆ ಹೊಂದುವಂಥದ್ದು. ಮಕ್ಕಳ ತಜ್ಞರು ಗಂಡುಮಕ್ಕಳಲ್ಲಿ 26, ಹೆಣ್ಣುಮಕ್ಕಳಲ್ಲಿ 22ರ ಆಸುಪಾಸನ್ನೇ ಮೇಲಿನ ಗಡಿಯೆಂದು ನೋಡುತ್ತಾರೆ. ಅದು 80 ದಾಟಿ ಅಲ್ಲೇ ನಿಂತರೆ ತಡಮಾಡದೆ ಹೆಚ್ಚಿನ ತಪಾಸಣೆ ಬೇಕು. ಲಿವರ್ ಊದಿಕೊಳ್ಳುವುದಕ್ಕೆ, ನಾರುಗಟ್ಟುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಹಾಗಾಗಿ ಸ್ಕ್ಯಾನ್ ಒಂದನ್ನೇ ನಂಬಿ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ. ನೆಮ್ಮದಿಯ ಸಂಗತಿಯೆಂದರೆ, ಆರಂಭದ ಹಂತದಲ್ಲಿ ಈ ಕೊಬ್ಬು ಕರಗುತ್ತದೆ. ಲಿವರ್ ಮತ್ತೆ ಮೊದಲಿನಂತಾಗುತ್ತದೆ.

ಹಾಗಿದ್ದ ಮೇಲೆ ಕಷ್ಟವೇನು? ಲಿವರ್ ನೋಯುವುದಿಲ್ಲ. ಹಲ್ಲುನೋವು ಬಂದ ಮಗು ತಾನೇ ಚಾಕೊಲೇಟ್ ಬಿಡುತ್ತದೆ. ಇಲ್ಲಿ ನೋವಿಲ್ಲ, ಜ್ವರವಿಲ್ಲ, ಶಾಲೆಗೆ ರಜೆ ಹಾಕುವಂತೆಯೂ ಇಲ್ಲ. ಇಪ್ಪತ್ತು ಮೂವತ್ತು ವರ್ಷಗಳಾಚೆ ಆಗಬಹುದಾದ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಕೆಡುವುದು, ಹದಿಮೂರರ ಹುಡುಗನಿಗೆ ಬೇರೆಯವರ ಊರಿನ ಸುದ್ದಿ. ಅವನಿಗೆ ಈಗ ಇರುವ ನೋವೇ ಬೇರೆ. ವರದಿ ಬಂದ ದಿನದಿಂದ ಮನೆಯವರೆಲ್ಲ ತನ್ನ ತಟ್ಟೆ ನೋಡುತ್ತಿದ್ದಾರೆ, ಅತ್ತೆ ಫೋನಿನಲ್ಲಿ ತನ್ನ ವಿಷಯ ಕೇಳುತ್ತಾಳೆ, ತಂಗಿಗೆ ಕೊಟ್ಟ ಜಾಮೂನು ತನಗಿಲ್ಲ. ‘ಫ್ಯಾಟಿ’ ಎಂಬ ಪದವೇ ಅವನ ಕಿವಿಗೆ ಬೈಗುಳ. ಇದನ್ನು ವೈದ್ಯಲೋಕವೂ ಗಮನಿಸಿತು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಈ ಕಾಯಿಲೆಯ ವೈದ್ಯಕೀಯ ಹೆಸರನ್ನೇ ಬದಲಿಸಿದಾಗ, ಹಳೆಯ ಹೆಸರಿನಲ್ಲಿದ್ದ ಈ ಪದ ರೋಗಿಯನ್ನು ಹೀಯಾಳಿಸುವಂತಿದೆ ಎಂಬುದೂ ಕಾರಣಗಳಲ್ಲೊಂದಾಗಿತ್ತು. ಮನೆಯಲ್ಲಿ ‘ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಸೇರಿದೆ’ ಎಂದರೆ ಸಾಕು. ‘ಡುಮ್ಮ’, ‘ಡುಮ್ಮಿ’ ಎಂದು ಮುದ್ದಿಗೂ ಕರೆಯಬೇಡಿ.

ಮನುಷ್ಯರು ರೂಢಿಯನ್ನು ಹೇಗೆ ಬಿಡುತ್ತಾರೆ ಎಂಬುದನ್ನು ಅಮೆರಿಕದ ಜೇಮ್ಸ್ ಪ್ರೊಚಾಸ್ಕ ಮತ್ತು ಕಾರ್ಲೊ ಡಿಕ್ಲೆಮೆಂಟಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಸಿಗರೇಟು ಬಿಟ್ಟವರನ್ನು ಗಮನಿಸುತ್ತ ಅಧ್ಯಯನ ಮಾಡಿದರು. 1983ರಲ್ಲಿ ಅವರು ಪ್ರಕಟಿಸಿದ ವಿಚಾರವನ್ನು ಇಂದಿಗೂ ನಾವು ಬಳಸುತ್ತೇವೆ. ಬಿಡುವುದು ಒಂದು ಗಳಿಗೆಯ ನಿರ್ಧಾರವಲ್ಲ, ಹಲವು ಹಂತಗಳ ದಾರಿ ಎಂಬುದು ಅದರ ಸಾರ. ಅವುಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಮನೆಯಲ್ಲಿ ಅವು ಕೇಳಿಸುವುದು ಹೀಗೆ. ‘ನಂಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ’ ಎಂಬುದು ಮೊದಲನೆಯದು. ‘ಬಿಡ್ಬೇಕು ಅನ್ಸುತ್ತೆ, ಆದ್ರೆ ಆಗಲ್ಲಮ್ಮ’ ಎಂಬುದು ಎರಡನೆಯದು. ‘ಪರೀಕ್ಷೆ ಮುಗೀಲಿ, ಸೋಮವಾರದಿಂದ ಆಟಕ್ಕೆ ಹೋಗ್ತೀನಿ’ ಎಂದು ದಿನ ಗೊತ್ತುಮಾಡಿಕೊಳ್ಳುವುದು ಮೂರನೆಯದು. ಆಮೇಲೆ ಮಾಡತೊಡಗುವುದು. ಅದಾದ ಮೇಲೆ ತಿಂಗಳುಗಟ್ಟಲೆ ಉಳಿಸಿಕೊಂಡು ಹೋಗುವುದು.

ಇದನ್ನು ಮೆಟ್ಟಿಲು ಎಂದು ತಿಳಿಯಬೇಡಿ. ಮಕ್ಕಳು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹಿಂದೆ ಬರುತ್ತಾರೆ. ಅಷ್ಟೇ ಅಲ್ಲ, ಒಂದೇ ಮಗು ಒಂದೊಂದು ವಿಷಯದಲ್ಲಿ ಒಂದೊಂದು ಹಂತದಲ್ಲಿರುತ್ತದೆ. ಸೈಕಲ್ ತುಳಿಯುವುದಕ್ಕೆ ಈಗಲೇ ತಯಾರು, ಬೇಕರಿ ಬಿಡುವ ಮಾತೆತ್ತಿದರೆ ಮುಖ ತಿರುಗಿಸುತ್ತದೆ. ಹಂತಗಳ ನಡುವಿನ ಗಡಿ ಅಷ್ಟು ಖಚಿತವಲ್ಲ ಎಂದು ವಾದಿಸುವ ತಜ್ಞರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೂ ಪೋಷಕರಿಗೆ ಇದರಿಂದ ಒಂದು ದೊಡ್ಡ ಉಪಕಾರವಾಗುತ್ತದೆ. ‘ಹಟಮಾರಿ’, ‘ಸೋಮಾರಿ’ ಎಂದು ಕರೆಯುತ್ತಿದ್ದ ಮಗುವನ್ನು ‘ಈಗ ಎಲ್ಲಿದ್ದಾನೆ?’ ಎಂದು ನೋಡುವುದಕ್ಕೆ ಬರುತ್ತದೆ.

ಮೊದಲ ಹಂತದಲ್ಲಿರುವ ಮಗುವಿಗೆ ಡಯಟ್ ಚಾರ್ಟ್ ಕೊಡುವುದು ಈಜು ಬಾರದವರಿಗೆ ಹೊಳೆಯಾಚೆಯ ದಾರಿ ತೋರಿಸಿದಂತೆ. ಅಲ್ಲಿ ಬೇಕಾದ್ದು ಮಾಹಿತಿ, ಅದೂ ಸ್ವಲ್ಪವೇ, ಹೆದರಿಸದೆ. ಹೇಳುವ ಮೊದಲು ಅನುಮತಿ ಕೇಳಿ: “ಡಾಕ್ಟರ್ ಏನು ಹೇಳಿದ್ರು ಅಂತ ಹೇಳ್ಲಾ ಪುಟ್ಟ?” ಬೇಡ ಎಂದರೆ ಅವತ್ತಿಗೆ ಬಿಡಿ. ಎರಡನೆಯ ಹಂತ ಹೆಚ್ಚು ಸೂಕ್ಷ್ಮ, ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ. ಮಗುವಿನೊಳಗೆ ಬಿಡಬೇಕು, ಬಿಡಲಾರೆ ಎಂಬ ಎರಡು ದನಿಗಳಿರುತ್ತವೆ. ನೀವು ‘ಬಿಡಲೇಬೇಕು’ ಎಂಬ ದನಿಯ ಪರ ವಕಾಲತ್ತು ವಹಿಸಿದ ತಕ್ಷಣ ಮಗುವಿಗೆ ಉಳಿಯುವುದು ಇನ್ನೊಂದೇ ಪಕ್ಷ. ವಾದಿಸಿದಷ್ಟೂ ಅದು ತನ್ನ ‘ಆಗಲ್ಲ’ವನ್ನು ಗಟ್ಟಿಮಾಡಿಕೊಳ್ಳುತ್ತದೆ. ಕುಡಿತದ ಚಟವಿದ್ದವರ ಜೊತೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಗಮನಿಸಿ, ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಮಾತುಕತೆಯ ಒಂದು ಕ್ರಮವನ್ನೇ ರೂಪಿಸಿದರು. ಬದಲಾಗಲು ಕಾರಣಗಳು ಬದಲಾಗಬೇಕಾದವರ ಬಾಯಿಂದಲೇ ಬರಬೇಕು ಎಂಬುದು ಅದರ ತಿರುಳು.

ಆ ಕ್ರಮದಲ್ಲಿರುವ ಒಂದು ಸಣ್ಣ ಪ್ರಶ್ನೆಯನ್ನು ಅವತ್ತು ಆ ಹುಡುಗನಿಗೆ ಕೇಳಿದೆ.

“ಸೊನ್ನೆಯಿಂದ ಹತ್ತರವರೆಗೆ ಒಂದು ಸ್ಕೇಲ್ ಇದೆ ಅಂದ್ಕೋ. ಟ್ಯೂಷನ್ ಮುಗಿಸಿ ಕೂಲ್‌ಡ್ರಿಂಕ್ ಕುಡಿಯೋದನ್ನ ಬಿಡೋದು ನಿನಗೆ ಎಷ್ಟು ಮುಖ್ಯ ಅನ್ಸುತ್ತೆ?”

“ನಾಲ್ಕು.”

“ನಾಲ್ಕೇನಾ!” ಎಂದು ಅಮ್ಮ ಶುರುಮಾಡಿದರು. ಒಂದು ನಿಮಿಷ ತಡೆಯಿರಿ ಎಂದು ಕೈಸನ್ನೆ ಮಾಡಿದೆ.

“ಒಂದು ಅಂತ ಯಾಕೆ ಹೇಳ್ಲಿಲ್ಲ?”

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, “ಕಬಡ್ಡಿ ಆಡುವಾಗ ಬೇಗ ಉಸಿರು ಕಟ್ಟತ್ತೆ ಸರ್. ಹೋದ ವರ್ಷ ಟೀಮಲ್ಲಿದ್ದೆ. ಈ ಸಲ ತಗೊಳ್ಲಿಲ್ಲ.”

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ. ‘ಎಂಟು ಅಂತ ಯಾಕೆ ಹೇಳಲಿಲ್ಲ’ ಎಂದು ಕೇಳಿದ್ದರೆ ನನಗೆ ನೆಪಗಳ ಪಟ್ಟಿ ಸಿಗುತ್ತಿತ್ತು. ‘ಒಂದು ಯಾಕಲ್ಲ’ ಎಂದು ಕೇಳಿದ್ದಕ್ಕೆ ಅವನದೇ ಆದ ಕಾರಣ ಸಿಕ್ಕಿತು. ಲಿವರ್ ಅವನಿಗೆ ಮುಖ್ಯವಲ್ಲ, ಕಬಡ್ಡಿ ಮುಖ್ಯ. ನಮಗೆ ಅಷ್ಟು ಸಾಕು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. “ಬಿಡೋಕೆ ಆಗುತ್ತೆ ಅನ್ನೋ ಧೈರ್ಯ ಎಷ್ಟಿದೆ?” “ಎರಡು.” ಯಾಕೆಂದರೆ ಟ್ಯೂಷನ್ನಿನ ಆರು ಜನ ಗೆಳೆಯರು ಒಟ್ಟಿಗೆ ಬೇಕರಿಗೆ ಹೋಗುತ್ತಾರೆ, ಅವನೊಬ್ಬ ನೀರು ಕುಡಿದರೆ ನಗುತ್ತಾರೆ. ಈಗ ನೋಡಿ, ಮುಖ್ಯ ಎನ್ನಿಸುವುದು ನಾಲ್ಕು, ಆಗುತ್ತದೆ ಎನ್ನುವ ಧೈರ್ಯ ಎರಡು. ಇಂಥ ಮಗುವಿಗೆ ಲಿವರ್ ಕೆಟ್ಟವರ ವಿಡಿಯೊ ತೋರಿಸಿದರೆ ಮೊದಲನೆಯ ಅಂಕೆ ಏರಬಹುದು, ಎರಡನೆಯದು ಇದ್ದಲ್ಲೇ ಇರುತ್ತದೆ. ಭಯ ಹೆಚ್ಚಿ ದಾರಿ ಕಾಣದ ಮಗು ಕದ್ದು ತಿನ್ನುತ್ತದೆ, ಸುಳ್ಳು ಹೇಳುತ್ತದೆ. ಸುಳ್ಳು ಅಲ್ಲಿ ಕೆಟ್ಟತನದ ಗುರುತಲ್ಲ, ಒತ್ತಡದ ಗುರುತು. ಅವನಿಗೆ ಬೇಕಾಗಿದ್ದದ್ದು ಬೇಕರಿಯ ಮುಂದೆ ನಿಂತಾಗ ಏನು ಮಾಡಲಿ ಎಂಬುದಕ್ಕೆ ಒಂದು ಉಪಾಯ. ಅದನ್ನೂ ಅವನೇ ಹೇಳಿದ: “ಮಜ್ಜಿಗೆ ಪ್ಯಾಕೆಟ್ ತಗೊಂಡ್ರೆ ಯಾರೂ ನಗಲ್ಲ.”

ಅಪ್ಪನ ಕಡೆ ತಿರುಗಿ ಇದೇ ಎರಡು ಪ್ರಶ್ನೆ ಕೇಳಿದೆ, ಮನೆಯ ಅಡುಗೆ ಮತ್ತು ಸಂಜೆಯ ರೂಢಿ ಬದಲಿಸುವ ಬಗ್ಗೆ. ಅವರು ತುಸು ಸಂಕೋಚದಿಂದ ಹೇಳಿದರು: “ನನಗೂ ಗ್ರೇಡ್ 2 ಅಂತ ಮೂರು ವರ್ಷದ ಕೆಳಗೇ ಬಂದಿತ್ತು. ಬೀರುವಿನಲ್ಲಿದೆ.” ಈ ಮಾತನ್ನು ನಾನು ಬೇರೆ ಬೇರೆ ಅಪ್ಪಂದಿರಿಂದ ಕೇಳಿದ್ದೇನೆ. ಫ್ಯಾಟಿ ಲಿವರ್ ಮನೆಗಳಲ್ಲಿ ಗುಂಪುಗೂಡಿ ಬರುವ ಕಾಯಿಲೆ. ಮೂರು ವರ್ಷ ವರದಿಯನ್ನು ಬೀರುವಿನಲ್ಲಿಟ್ಟ ಅಪ್ಪ ಮಗನಿಂದ ಹತ್ತು ದಿನದಲ್ಲಿ ಬದಲಾವಣೆ ಬಯಸುತ್ತಿದ್ದರು. ಅವರನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಅವರೂ ಮೊದಲ ಹಂತದಲ್ಲೇ ನಿಂತಿದ್ದರು, ಅವರಿಗೂ ಯಾರಾದರೂ ಸಮಾಧಾನದಿಂದ ಕೇಳಬೇಕಿತ್ತು. ದೊಡ್ಡವರಲ್ಲಿ ತೂಕದ ನೂರಕ್ಕೆ ಐದರಷ್ಟು ಇಳಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ, ಏಳರಿಂದ ಹತ್ತರಷ್ಟು ಇಳಿದರೆ ಊತವೂ ತಗ್ಗುವ ಸಾಧ್ಯತೆ ಚೆನ್ನಾಗಿದೆ. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಬೇಡ. ಎತ್ತರ ಬೆಳೆಯುವಾಗ ತೂಕ ಏರದೆ ನಿಂತರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಮನೆಯ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ನಾನು ಪೋಷಕರಿಗೆ ಯಾವಾಗಲೂ ಹೇಳುವ ಅಧ್ಯಯನವೊಂದಿದೆ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ 40 ಹುಡುಗರಲ್ಲಿ ಅರ್ಧ ಮಂದಿಗೆ ಎಂಟು ವಾರ ಹೊರಗಿನಿಂದ ಸೇರಿಸುವ ಸಕ್ಕರೆಯನ್ನು ಬಹುತೇಕ ತೆಗೆದುಹಾಕಿದ ಊಟ ಕೊಟ್ಟರು. ಅವರ ಲಿವರ್‌ನ ಕೊಬ್ಬು ಸರಾಸರಿ ಶೇ. 25ರಿಂದ 17ಕ್ಕೆ ಇಳಿಯಿತು. ಎಂದಿನ ಊಟ ಮಾಡಿದವರಲ್ಲಿ 21ರಿಂದ 20ಕ್ಕೆ, ಅಷ್ಟೇ. ನನ್ನ ಮನಸ್ಸಿನಲ್ಲಿ ಉಳಿದದ್ದು ಅಂಕಿಗಿಂತ ಹೆಚ್ಚಾಗಿ ಅವರು ಅದನ್ನು ಮಾಡಿದ ರೀತಿ. ಊಟ ಆ ಹುಡುಗನೊಬ್ಬನಿಗಲ್ಲ, ಅವನ ಇಡೀ ಮನೆಗೆ ಹೋಗುತ್ತಿತ್ತು, ಆ ಮನೆಯವರ ರುಚಿಗೆ ಹೊಂದಿಸಿದ್ದೂ ಆಗಿತ್ತು. ಎಲ್ಲರೂ ಒಂದೇ ಊಟ ಉಂಡರು. ಆ ಹುಡುಗರು ಪಕ್ಕದವರ ತಟ್ಟೆ ನೋಡಿ ಆಸೆ ತಡೆದುಕೊಳ್ಳಬೇಕಾದ ಸಂದರ್ಭವೇ ಕಡಿಮೆ.

ನಮ್ಮ ಮನೆಗಳಲ್ಲಿ ಇದು ಅಜ್ಜಿಯಿಂದ ಶುರುವಾಗಬೇಕು. “ಬೆಳೆಯೋ ಮಗು, ತಿನ್ನಲಿ ಬಿಡಿ” ಎನ್ನುವ ಅಜ್ಜಿಯನ್ನು ಎದುರುಹಾಕಿಕೊಂಡು ಗೆದ್ದ ಸೊಸೆಯನ್ನು ನಾನು ನೋಡಿಲ್ಲ. ಅವರನ್ನೂ ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಬನ್ನಿ. ಅವರ ಪ್ರೀತಿಗೆ ಬೇರೊಂದು ರೂಪ ಬೇಕು. ಬಸ್ಸಾರು, ಮುದ್ದೆ, ಹೆಸರುಬೇಳೆ ಕೋಸಂಬರಿ, ಹುರುಳಿಕಾಳಿನ ಉಸ್ಲಿ ಅವರಿಗೆ ಯಾರೂ ಕಲಿಸಬೇಕಿಲ್ಲ. “ನಿಮ್ಮ ಕೈಯಡುಗೆಯೇ ಮದ್ದು ಅಜ್ಜಿ” ಎಂದು ಹೇಳಿದಾಗ ಅರಳಿದ ಮುಖಗಳನ್ನು ನೋಡಿದ್ದೇನೆ. ಆ ಮಾತು ನಿಜವೂ ಹೌದು.

ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡಿ. ಒಂದೇ ಆರಿಸಿಕೊಳ್ಳಬೇಕಾದರೆ ಸಿಹಿ ಪಾನೀಯಗಳನ್ನು ಆರಿಸಿ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರ್‌ಗೆ 10–11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರ್‌ನ ಬಾಟಲಿ ಎಂದರೆ ಆರೇಳು ಚಮಚ. ದಿನಕ್ಕೆ 2000 ಕ್ಯಾಲೊರಿ ಬೇಕಿರುವ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ 50 ಗ್ರಾಂ, ಅದರಲ್ಲೂ 25ರೊಳಗಿದ್ದರೆ ಒಳ್ಳೆಯದು. ಹಾಲಿಗೆ ಬೆರೆಸುವ ‘ಶಕ್ತಿ’ಯ ಪುಡಿ, ಪೆಟ್ಟಿಗೆಯ ಜ್ಯೂಸ್ ಇವುಗಳ ಲೆಕ್ಕವೂ ಇದರಲ್ಲೇ ಸೇರುತ್ತದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳೇ ಓದುವಂಥ ಫಲಕ. ನಿಮ್ಮ ಮಗುವಿನ ಶಾಲೆ ಬೇರೆ ಪಠ್ಯಕ್ರಮದ್ದಾದರೂ ಮನೆಯಲ್ಲಿ ಇದನ್ನು ಮಾಡಬಹುದು. ಬಾಟಲಿಯ ಹಿಂದಿನ ಅಂಕಿ ಓದಿ ಚಮಚದಲ್ಲಿ ಸಕ್ಕರೆ ಅಳೆಯುವ ಕೆಲಸವನ್ನು ಮಗುವಿಗೇ ಕೊಡಿ. ನೂರು ಉಪದೇಶಕ್ಕೆ ಬಗ್ಗದ ಮಕ್ಕಳು ತಾವೇ ಅಳೆದ ರಾಶಿ ನೋಡಿ ಯೋಚಿಸುತ್ತಾರೆ.

ನಿರ್ಧಾರವನ್ನು ‘ಹೀಗಾದರೆ ಹೀಗೆ’ ಎಂದು ಕಟ್ಟಿಕೊಳ್ಳುವುದು ಫಲಕೊಡುತ್ತದೆ. ‘ಕಡಿಮೆ ತಿನ್ನುತ್ತೇನೆ’ ಎಂಬುದಕ್ಕೆ ಹಿಡಿತವಿಲ್ಲ. ‘ಬೇಕರಿಗೆ ಹೋದರೆ ಮಜ್ಜಿಗೆ ತಗೊಳ್ತೀನಿ’ ಎಂಬುದಕ್ಕೆ ಜಾಗ, ಹೊತ್ತು, ಕೈಗೆ ಕೆಲಸ ಮೂರೂ ಇವೆ.

ಬೀಗ ಹಾಕುವ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕಣ್ಣಿಗೆ ಕಾಣುವಂತೆ ಇಟ್ಟು ಮುಟ್ಟಬೇಡ ಎಂದ ತಿಂಡಿಯ ಮೇಲೆ ಮಕ್ಕಳ ಆಸೆ ಹೆಚ್ಚುತ್ತದೆ ಎಂಬುದನ್ನು ಜೆನಿಫರ್ ಫಿಶರ್ ಮತ್ತು ಲೀಯನ್ ಬರ್ಚ್ 1999ರಲ್ಲೇ ಪುಟ್ಟ ಮಕ್ಕಳಲ್ಲಿ ತೋರಿಸಿದ್ದರು. ಆದ್ದರಿಂದ ಅಟ್ಟದ ಡಬ್ಬಕ್ಕಿಂತ ಮನೆಗೇ ತಾರದಿರುವುದು ಒಳ್ಳೆಯದು. ತಂದದ್ದನ್ನು ಎಲ್ಲರೂ ಹಂಚಿಕೊಂಡು ತಿನ್ನುವುದು ಇನ್ನೂ ಒಳ್ಳೆಯದು. ಏನು, ಯಾವಾಗ, ಎಲ್ಲಿ ತಿನ್ನಬೇಕು ಎಂಬುದನ್ನು ಹಿರಿಯರು ನಿರ್ಧರಿಸಲಿ, ಎಷ್ಟು ತಿನ್ನಬೇಕೆಂಬುದನ್ನು ಮಗುವಿನ ಹಸಿವಿಗೆ ಬಿಡಿ. ದಿನಾ ತೂಕ ನೋಡುವುದು ಬೇಡ. ಮಗು ಊಟ ಬಿಡತೊಡಗಿದರೆ, ತಿಂದ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಕನ್ನಡಿಯ ಮುಂದೆ ಅತ್ತರೆ ಲಿವರ್ ವಿಷಯ ಬದಿಗಿಟ್ಟು ಮೊದಲು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅಂಥ ಮಕ್ಕಳಿಗೆ ತೂಕದ ಮಾತೇ ಗಾಯವಾಗಿರುತ್ತದೆ.

ಸಿದ್ಧತೆ ಇಲ್ಲದಿರುವುದಕ್ಕೆ ಪೋಷಕರಲ್ಲಿ ಇನ್ನೊಂದು ರೂಪವಿದೆ: ಟಾನಿಕ್ಕಿನ ಹುಡುಕಾಟ. ಮಕ್ಕಳ ಫ್ಯಾಟಿ ಲಿವರ್‌ಗೆ ಎಂದೇ ಅನುಮತಿ ಪಡೆದ ಔಷಧ ಇಲ್ಲ. ‘ಲಿವರ್ ಕ್ಲೀನ್’ ಮಾಡುತ್ತೇವೆ ಎನ್ನುವ ಪುಡಿ, ಕಷಾಯಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ತಾವಾಗಿಯೇ ಸೇವಿಸಿ ಲಿವರ್‌ಗೆ ಪೆಟ್ಟು ಮಾಡಿಕೊಂಡವರನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಬಾಟಲಿಯೊಂದು ಸಿಕ್ಕಿತು ಎಂದರೆ ಮನೆಯ ರೂಢಿ ಬದಲಿಸುವ ಮಾತು ಅಲ್ಲಿಗೇ ನಿಲ್ಲುತ್ತದೆ, ನನಗೆ ಅದೇ ಹೆಚ್ಚಿನ ಚಿಂತೆ.

ಜಾರುವುದು ಇದ್ದೇ ಇರುತ್ತದೆ. ಊರಹಬ್ಬ, ಅಜ್ಜಿಮನೆಯ ರಜೆ, ಎಸ್‌ಎಸ್‌ಎಲ್‌ಸಿಯ ಕೊನೆಯ ಎರಡು ತಿಂಗಳು, ಇವೆಲ್ಲ ಬರುವುದು ಗೊತ್ತೇ ಇರುವ ದಿನಗಳು. ಹಬ್ಬದ ದಿನ ಹೋಳಿಗೆ ತಿನ್ನಲಿ, ಅದಕ್ಕೆ ಲೆಕ್ಕ ಬರೆಯಬೇಡಿ. ಮರುದಿನ ಬೆಳಿಗ್ಗೆ ಮನೆ ಎಂದಿನ ರೂಢಿಗೆ ಬಂದರೆ ಮಗುವೂ ಬರುತ್ತದೆ. ‘ನಾನು ಮೊದಲೇ ಹೇಳಿದ್ದೆ’ ಎಂಬ ಒಂದು ವಾಕ್ಯವನ್ನು ನುಂಗಿಕೊಂಡರೆ ಸಾಕು.

ಆ ಹುಡುಗ ನಾಲ್ಕು ತಿಂಗಳ ಮೇಲೆ ಮತ್ತೆ ಬಂದ. ಎಸ್‌ಜಿಪಿಟಿ ಇಳಿದಿತ್ತು, ಇನ್ನೂ ಗಡಿಯೊಳಗೆ ಬಂದಿರಲಿಲ್ಲ. ತೂಕ ಒಂದು ಕಿಲೋ ಹೆಚ್ಚಿತ್ತು, ಎತ್ತರ ಮೂರು ಸೆಂಟಿಮೀಟರ್. ಅಮ್ಮನ ಮುಖ ಸಪ್ಪಗಾಯಿತು. ಇದು ಒಳ್ಳೆಯ ದಿಕ್ಕು ಎಂದು ಅವರಿಗೆ ಬೆಳವಣಿಗೆಯ ನಕ್ಷೆ ತೆಗೆದು ತೋರಿಸಿದೆ. ಈಗ ಅಪ್ಪನೂ ಮಗನೂ ವಾರಕ್ಕೆ ಮೂರು ದಿನ ಸಂಜೆ ಮೈದಾನಕ್ಕೆ ಹೋಗುತ್ತಾರಂತೆ, ಅಪ್ಪ ಬದಿಯಲ್ಲಿ ನಡೆಯುತ್ತಾರೆ, ಇವನು ಆಡುತ್ತಾನೆ. ಬುಧವಾರ ಮಜ್ಜಿಗೆಯ ಬದಲು ಕೂಲ್‌ಡ್ರಿಂಕ್ ಕುಡಿದೆ ಎಂದು ತಾನಾಗಿಯೇ ಹೇಳಿದ. ನಾನು ಬರೆದುಕೊಂಡೆ, ಏನೂ ಹೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದ:

“ಸರ್, ಇನ್ನೇನು ಮಳೆಗಾಲ. ಮೈದಾನ ಕೆಸರಾದ್ರೆ ಏನು ಮಾಡೋದು?”

ಅಪ್ಪ ನನ್ನ ಮುಖ ನೋಡಿದರು. ನಾನು ಹುಡುಗನ ಮುಖ ನೋಡಿದೆ. ಒಂದು ಕ್ಷಣ ಯೋಚಿಸಿ ಅವನೇ, “ಶಾಲೆ ಹತ್ರ ಒಂದು ಶೆಡ್ ಇದೆ ಅಪ್ಪ, ಪಿಟಿ ಮಾಸ್ಟರ್‌ನ ಕೇಳಿ ನೋಡ್ತೀನಿ” ಎಂದ.